ಎಂಬತ್ತು ಪರೀಕ್ಷೆ ಮಾಡಿದರು, ಬಿಪಿ ನೋಡಲಿಲ್ಲ: ಬಳ್ಳಾರಿಯಲ್ಲಿ ಒಂದು 'ಫುಲ್ ಬಾಡಿ ಚೆಕಪ್'

ಬಳ್ಳಾರಿಯಲ್ಲಿ ಈಗ ಯಾವ ಸರ್ಕಲ್ಲಿಗೆ ಹೋದರೂ 'ಫುಲ್ ಬಾಡಿ ಚೆಕಪ್' ಬೋರ್ಡು ಕಾಣುತ್ತದೆ. ಅಂಥದ್ದೊಂದು ಖಾಸಗಿ ಲ್ಯಾಬಿನ 1,999 ರೂಪಾಯಿ ಪ್ಯಾಕೇಜನ್ನು ನಮ್ಮ ಯಜಮಾನ್ರಿಗೂ ಅತ್ತೆಗೂ ಮಾಡಿಸಿದೆ. ಐದಕ್ಕೆ ಎರಡು ಅಂಕ ಕೊಡುತ್ತೇನೆ. ಮಾಡಿದ ಕೆಲಸದಲ್ಲಿ ತಪ್ಪಿಲ್ಲ. ಅಂಕ ಹೋಗಿದ್ದು ಮಾಡದೇ ಬಿಟ್ಟ ಕೆಲಸಕ್ಕೆ.

ಲ್ಯಾಬಿನ ಹುಡುಗ ಹೇಳಿದ ಹೊತ್ತಿಗೆ ಸರಿಯಾಗಿ, ಬೆಳಿಗ್ಗೆ ಆರೂವರೆಗೆ, ಕೌಲ್ ಬಜಾರಿನ ನಮ್ಮ ಮನೆಗೆ ಬಂದ. ಅತ್ತೆಗೆ ಎಪ್ಪತ್ತು ದಾಟಿದೆ, ನರ ಸಿಗುವುದೇ ಕಷ್ಟ. "ಅಜ್ಜಿ, ಮುಷ್ಟಿ ಬಿಗಿ ಹಿಡೀರಿ" ಅಂದವನು ಒಂದೇ ಸಲಕ್ಕೆ ರಕ್ತ ತೆಗೆದ. ನೇರಳೆ, ಬೂದು, ಹಳದಿ ಮುಚ್ಚಳದ ಟ್ಯೂಬುಗಳಿಗೆ ತುಂಬಿಸಿ, ಹೆಸರಿನ ಚೀಟಿಯನ್ನು ನಮ್ಮೆದುರೇ ಅಂಟಿಸಿದ. ಸಂಜೆಗೆ ರಿಪೋರ್ಟ್ ವಾಟ್ಸಾಪ್‌ಗೆ ಬಂತು.

ರಿಪೋರ್ಟಿನಲ್ಲಿ ಎಂಬತ್ತಕ್ಕೂ ಜಾಸ್ತಿ ಅಂಕಿಗಳಿವೆ. ಯಜಮಾನ್ರ ಮೂರು ತಿಂಗಳ ಸಕ್ಕರೆ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ಕೊಲೆಸ್ಟ್ರಾಲ್, ಕಿಡ್ನಿಯ ಕ್ರಿಯಾಟಿನಿನ್ ಕೂಡ ಬೇಕಾದ ಪರೀಕ್ಷೆಗಳೇ.

ಆದರೆ ಪಾಂಪ್ಲೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಜೀವಕ್ಕಿರುವ ಅಪಾಯ ಮೊದಲೇ ತಿಳಿಯಿರಿ' ಅಂತ ಬರೆದಿದ್ದಾರೆ. ಆ ಮಾತು ಹೇಳಿದ ಮೇಲೆ ಬಿಪಿ ನೋಡಬೇಕಲ್ವಾ? ನೋಡಲಿಲ್ಲ. ಹುಡುಗನ ಬ್ಯಾಗಿನಲ್ಲಿ ಬಿಪಿ ಮಷೀನೇ ಇರಲಿಲ್ಲ. 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್' ಅಧ್ಯಯನದ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಸಾವುಗಳ ಹಿಂದೆ ಇದ್ದಿದ್ದು ಏರಿದ ಬಿಪಿ. ಸುಮಾರು 87 ಲಕ್ಷ ಸಾವುಗಳ ಹಿಂದೆ ತಂಬಾಕು. ಇಷ್ಟು ದೊಡ್ಡ ಎರಡು ಅಪಾಯಗಳು ಎಂಬತ್ತು ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲೂ ಇಲ್ಲ. ತಂಬಾಕು ಹಾಕುತ್ತೀರಾ ಅಂತ ಒಂದು ಮಾತು ಕೇಳುವುದಕ್ಕೆ ದುಡ್ಡು ಬೇಕಾ?

ನನಗೆ ಹೆಚ್ಚು ಬೇಜಾರಾಗಿದ್ದು ಇದಕ್ಕೆ. ಪ್ಯಾಕೇಜಿನಲ್ಲಿ 'ಕ್ಯಾನ್ಸರ್ ಮಾರ್ಕರ್' ಅಂತ ಸಿಇಎ ಪರೀಕ್ಷೆ ಸೇರಿಸಿದ್ದಾರೆ. ಅದು ಕ್ಯಾನ್ಸರ್ ಇರುವವರ ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ಬಳಸುವ ಪರೀಕ್ಷೆ. ಆರೋಗ್ಯವಾಗಿರುವವರಲ್ಲಿ ಕ್ಯಾನ್ಸರ್ ಹುಡುಕಲು ಅದನ್ನು ಮಾಡಬೇಕು ಅಂತ ಯಾರೂ ಶಿಫಾರಸು ಮಾಡುವುದಿಲ್ಲ. ಸಿಗರೇಟು ಸೇದುವವರಲ್ಲಿ ಸುಮ್ನೆ ಏರಿರುತ್ತದೆ ಕೂಡ. ನಮ್ಮ ಯಜಮಾನ್ರು ಮೊದಲಿನಿಂದಲೂ ಎಲೆ ಅಡಿಕೆ ಜೊತೆ ತಂಬಾಕು ಹಾಕುವವರು. ಅವರಿಗೆ ಬೇಕಿದ್ದದ್ದು ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡುವ ಒಬ್ಬರು.

ಅಂಥವರು ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ, ಅಂದರೆ ಬಿಪಿ, ಶುಗರ್, ಕ್ಯಾನ್ಸರಿನಂಥ ಅಂಟದ ಕಾಯಿಲೆಗಳನ್ನು ನೋಡುವ ಕಡೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಅಲ್ಲಿ ಉಚಿತ. ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಉಂಟು. ಬೆಂಚಿನ ಮೇಲೆ ಒಂದು ಗಂಟೆ ಕಾದೆವು. ಆದರೆ ಆ ಸಿಸ್ಟರ್ ಕೆಲಸ ನೋಡಬೇಕಿತ್ತು. ಬಂದ ತಕ್ಷಣ ಪಟ್ಟಿ ಕಟ್ಟಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿದರು. ಬೆನ್ನು ಕುರ್ಚಿಗೆ ಒರಗಿಸಿ, ಕಾಲು ನೆಲಕ್ಕೆ ಊರಿಸಿ, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದರು. ಮಾತಾಡಬೇಡಿ ಅಂದರು. 158/96. ಸ್ವಲ್ಪ ಬಿಟ್ಟು ಮತ್ತೆ ನೋಡಿದರು, ಇನ್ನೊಂದು ದಿನ ಬರಹೇಳಿ ಆಗಲೂ ನೋಡಿದರು. ಪ್ರತಿ ಸಲವೂ 140/90 ದಾಟಿತ್ತು. "ತಂಬಾಕು ಹಾಕ್ತೀರೇನ್ರಿ? ಎಷ್ಟ್ ವರ್ಷ ಆತು?" ಅಂತ ಕೇಳಿ ಬರೆದುಕೊಂಡರು. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಟಾರ್ಚ್ ಹಾಕಿ ನೋಡಿದರು. ಸದ್ಯ, ಬಿಳಿ ಮಚ್ಚೆ, ಹುಣ್ಣು ಯಾವುದೂ ಇರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದು ಟೀ ಚಮಚಕ್ಕಿಂತ ಜಾಸ್ತಿ ಉಪ್ಪು ಬೇಡ, ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರಲ್ಲೇ ಬರಬೇಕು ಅಂದರು. ಸಂಜೆಯ ಒಗ್ಗರಣೆ, ಮಿರ್ಚಿಗೂ ಈಗ ಲೆಕ್ಕ ಇಟ್ಟಿದ್ದೇವೆ.

ಹೊಟ್ಟೆಯ ಸುತ್ತಳತೆಯನ್ನೂ ಲ್ಯಾಬಿನವರು ಅಳೆಯಲಿಲ್ಲ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ, ಹಾಗಾಗಿ ಈ ವಿಷಯ ನನಗೆ ಚೆನ್ನಾಗಿ ಗೊತ್ತು. ಹೊಟ್ಟೆ ಬಂದಂತೆಲ್ಲ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸುತ್ತಾರೆ. ಲೇಬಲ್ಲಿನಲ್ಲಿ 34 ಹಾಗೇ ಇರುತ್ತದೆ, ನನ್ನದು ಈಗಲೂ 34 ಅಂತ ಖುಷಿಪಡುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆದರೆ ನಿಜ ಗೊತ್ತಾಗುತ್ತದೆ. ಯಜಮಾನ್ರದ್ದು 101 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು.

ಅತ್ತೆಯ ರಿಪೋರ್ಟಿನಲ್ಲಿ ವಿಟಮಿನ್ ಡಿ ಮಾತ್ರ ಕೆಂಪಕ್ಷರದಲ್ಲಿತ್ತು. ಅವರು ಈಚೆಗೆ ನಿಧಾನ ನಡೆಯುತ್ತಾರೆ, ಡಬ್ಬಿಯ ಮುಚ್ಚಳ ತಿರುಗಿಸಲು ಆಗುವುದಿಲ್ಲ. ಅದನ್ನು ಯಾರೂ ಕೇಳಲಿಲ್ಲ. ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ನೋಡಿದ 'ಪ್ಯೂರ್' ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೈಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ, ಯಾವುದೇ ಕಾರಣದಿಂದ ಸಾಯುವ ಅಪಾಯ ಶೇ. 16ರಷ್ಟು ಜಾಸ್ತಿ ಕಂಡಿತು. ಹಿಡಿತ ಸಡಿಲವಾಗಿದ್ದರಿಂದಲೇ ಜನ ಸತ್ತರು ಅಂತಲ್ಲ. ಮೈಯಲ್ಲಿ ಸ್ನಾಯು ಕರಗಿದೆ, ಊಟ, ಓಡಾಟ ಸಾಲದು ಅಂತ ಅದು ತೋರಿಸುತ್ತದೆ. ಬಿಪಿಯ ಕತೆ ಬೇರೆ, ಅದನ್ನು ಇಳಿಸಿದರೆ ಸಾವು ಕಡಿಮೆಯಾಗುತ್ತದೆ ಅಂತ ಔಷಧಿ ಕೊಟ್ಟು ನೋಡಿಯೇ ಸಾಬೀತಾಗಿದೆ.

ಲ್ಯಾಬಿನವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಮೇಡಂ, ಪ್ಯಾಕೇಜಲ್ಲಿ ಅದು ಬರಲ್ಲ" ಅಂದರು. ಮುಂದಿನ ವರ್ಷ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಮಾತ್ರ ಬಿಡಿಯಾಗಿ ಮಾಡಿಸುತ್ತೇನೆ. ಆ ಹುಡುಗನನ್ನೇ ಕಳಿಸಿ ಅಂತ ಕೇಳುತ್ತೇನೆ, ಅವನ ಕೈ ಚೆನ್ನಾಗಿದೆ. ಈ ಪ್ಯಾಕೇಜ್ ತಗೊಳ್ಳಬೇಕು ಅಂತಿರುವವರು ಮೊದಲು ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ ಬನ್ನಿ. ಬೆಳಿಗ್ಗೆ ಬೇಗ ಹೋದರೆ ಸಾಲು ಕಡಿಮೆ ಇರುತ್ತದೆ.