ಹಾರಿಸದ ಗುಂಡು: ಮೂರು ಬಾಂಡ್ ಸಿನಿಮಾ ನೋಡಿ ಒಂದನ್ನು ಆರಿಸಿಕೊಂಡೆ

ಬಾಂಡ್ ಅಂದ ಕೂಡಲೇ ಮಾತು ಶಾನ್ ಕಾನರಿ, ರೋಜರ್ ಮೂರ್, ಡೇನಿಯಲ್ ಕ್ರೇಗ್ ಸುತ್ತಲೇ ಸುತ್ತುತ್ತದೆ. 1962ರಿಂದ 2021ರವರೆಗೆ 25 ಸಿನಿಮಾ ಬಂದಿವೆ, ಆದರೆ ಒಂದೆರಡು ಮಾಡಿ ಹೋದ ನಟರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಕನ್ನಡದ ಗೂಢಚಾರ ಸಿಐಡಿ 999ಗೆ ಈ ತೊಂದರೆ ಇರಲಿಲ್ಲ ನೋಡಿ, 1968ರ ಜೇಡರ ಬಲೆಯಿಂದ 1978ರ ಆಪರೇಷನ್ ಡೈಮಂಡ್ ರ್ಯಾಕೆಟ್‌ವರೆಗೆ ನಾಲ್ಕರಲ್ಲೂ ಅಣ್ಣಾವ್ರೇ.

ಹಾಗಾಗಿ ಮೂರು ಶನಿವಾರ ರಾತ್ರಿ ಕೂತು, ಜನ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳದ ಮೂರು ಸಿನಿಮಾ ಮತ್ತೆ ನೋಡಿದೆ. ಜಾರ್ಜ್ ಲೇಜನ್‌ಬಿ ಮಾಡಿದ ಒಂದೇ ಒಂದು ಬಾಂಡ್ ಸಿನಿಮಾ ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್ (1969). ಆಮೇಲೆ ಟಿಮೊತಿ ಡಾಲ್ಟನ್ ಮಾಡಿದ ಎರಡು: ದಿ ಲಿವಿಂಗ್ ಡೇಲೈಟ್ಸ್ (1987) ಮತ್ತು ಲೈಸೆನ್ಸ್ ಟು ಕಿಲ್ (1989). ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿವಿಂಗ್ ಡೇಲೈಟ್ಸ್‌ಗೆ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

1969ರದ್ದನ್ನು ಮೊದಲು ನೋಡಿದೆ. ಇದಕ್ಕೆ ಈಗೀಗ ಅಭಿಮಾನಿಗಳು ಜಾಸ್ತಿಯಾಗಿದ್ದಾರೆ, ಅದು ಸರಿಯೇ. ಕೊನೆಯ ಎರಡು ನಿಮಿಷ ನೋಡಿದವರು ಮರೆಯಲ್ಲ. ಈಗಷ್ಟೇ ಮದುವೆಯಾದ ಬಾಂಡ್ ಕಾರಿನ ಮೇಲಿದ್ದ ಹೂವು ತೆಗೆಯಲು ರಸ್ತೆ ಬದಿ ನಿಲ್ಲಿಸುತ್ತಾನೆ, ಅಷ್ಟರಲ್ಲೇ ಎಲ್ಲ ಮುಗಿದುಹೋಗುತ್ತದೆ. ಹೆಂಡತಿ ಟ್ರೇಸಿಯ ಪಾತ್ರದಲ್ಲಿ ಡಯಾನಾ ರಿಗ್ ಅಷ್ಟು ಚೆನ್ನಾಗಿರುವುದರಿಂದಲೇ ಅದು ಅಷ್ಟು ನೋಯುತ್ತದೆ. ನಿರ್ದೇಶಕ ಪೀಟರ್ ಹಂಟ್ ಅದಕ್ಕೂ ಮೊದಲು ಇದೇ ಸರಣಿಯ ಸಂಕಲನಕಾರರು. ಹೊಡೆದಾಟ, ಹಿಮದ ಮೇಲಿನ ಸ್ಕೀಯಿಂಗ್ ದೃಶ್ಯಗಳನ್ನು ಕತ್ತರಿಸಿರುವ ವೇಗದಲ್ಲಿ ಅದು ಗೊತ್ತಾಗುತ್ತದೆ. ಆದರೆ ನಡುವಿನ ಭಾಗ ಎಳೆಯುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಪಿಜ್ ಗ್ಲೋರಿಯಾದಲ್ಲಿ ಬಾಂಡ್ ಬೇರೆಯವನ ವೇಷದಲ್ಲಿರುವಾಗ ಲೇಜನ್‌ಬಿಗೆ ಇನ್ನೊಬ್ಬ ನಟ ಜಾರ್ಜ್ ಬೇಕರ್ ದನಿ ಕೊಟ್ಟಿದ್ದಾರೆ. ಅಷ್ಟೂ ಹೊತ್ತು ನನಗೆ ನಾಯಕ ಕೈಜಾರಿ ಹೋದ ಹಾಗೆ ಅನ್ನಿಸಿತು.

ಲೈಸೆನ್ಸ್ ಟು ಕಿಲ್ ಪೂರ್ತಿ ಸೇಡಿನ ಕತೆ. ಗೆಳೆಯ ಫೆಲಿಕ್ಸ್ ಲೈಟರ್‌ನನ್ನು ಶಾರ್ಕ್ ಬಾಯಿಗೆ ಹಾಕುತ್ತಾರೆ, ಅವನ ಹೆಂಡತಿಯನ್ನು ಕೊಲ್ಲುತ್ತಾರೆ. ಬಾಂಡ್ ಕೆಲಸವನ್ನೇ ಬಿಟ್ಟು ಡ್ರಗ್ಸ್ ದೊರೆ ಸ್ಯಾಂಚೆಜ್‌ನ ಬೆನ್ನು ಬೀಳುತ್ತಾನೆ. ಸ್ಯಾಂಚೆಜ್ ಆಗಿ ರಾಬರ್ಟ್ ಡಾವಿ ಈ ಮೂರು ಸಿನಿಮಾಗಳಲ್ಲೇ ಒಳ್ಳೆಯ ಖಳನಾಯಕ, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಟ್ಯಾಂಕರ್ ಲಾರಿಗಳ ದೃಶ್ಯ ಇವತ್ತಿಗೂ ಉಸಿರು ಬಿಗಿಹಿಡಿಸುತ್ತದೆ. ಆದರೆ ಡಾಲ್ಟನ್ ಮೊದಲಿನಿಂದ ಕೊನೆವರೆಗೂ ಒಂದೇ ಸಿಟ್ಟಿನಲ್ಲಿರುತ್ತಾನೆ. ಒಂದು ಸಲ ನೋಡಿದಾಗ ಮೈ ಜುಮ್ಮೆನ್ನುತ್ತದೆ, ಎರಡನೇ ಸಲಕ್ಕೆ ಸುಸ್ತಾಗುತ್ತದೆ.

ಈಗ ಲಿವಿಂಗ್ ಡೇಲೈಟ್ಸ್. ಬ್ರಾಟಿಸ್ಲಾವಾದಲ್ಲಿ ಸಂಗೀತ ಕಚೇರಿ ನಡೆಯುತ್ತಿದೆ. ಸೋವಿಯತ್ ಜನರಲ್ ಕೋಸ್ಕೋವ್ ಕಿಟಕಿಯಿಂದ ಇಳಿದು ಪಶ್ಚಿಮದವರ ಕಡೆಗೆ ಓಡಿ ಬರಬೇಕು, ಎದುರಿನ ಕತ್ತಲೆ ಕೋಣೆಯಲ್ಲಿ ಬಾಂಡ್ ರೈಫಲ್ ಹಿಡಿದು ಕಾಯುತ್ತಿದ್ದಾನೆ. ಕೋಸ್ಕೋವ್‌ನತ್ತ ಗುರಿಯಿಟ್ಟಿರುವ ಸ್ನೈಪರ್ ಬಾಂಡ್‌ಗೆ ಕಾಣಿಸುತ್ತಾಳೆ. ಅವಳು ಸ್ವಲ್ಪ ಹೊತ್ತಿನ ಮುಂಚೆ ವೇದಿಕೆ ಮೇಲೆ ಸೆಲ್ಲೋ (ವಯಲಿನ್ ಜಾತಿಯ ದೊಡ್ಡ ವಾದ್ಯ) ನುಡಿಸುತ್ತಿದ್ದ ಹುಡುಗಿ ಕಾರಾ! ಕೊಲ್ಲಬೇಕು ಅನ್ನುವುದು ಆದೇಶ. ಬಾಂಡ್ ಅವಳ ರೈಫಲ್‌ಗೆ ಮಾತ್ರ ಹೊಡೆಯುತ್ತಾನೆ. ಇದನ್ನು ಮೇಲಿನವರಿಗೆ ವರದಿ ಮಾಡುತ್ತೇನೆ ಅಂತ ಜೊತೆಗಿರುವ ಅಧಿಕಾರಿ ಸಾಂಡರ್ಸ್ ರೇಗಿದರೆ, ಕೆಲಸದಿಂದ ತೆಗೆದರೆ ಥ್ಯಾಂಕ್ಸ್ ಹೇಳುತ್ತೇನೆ ಅನ್ನುವ ಅರ್ಥದ ಉತ್ತರ ಬರುತ್ತದೆ. ಇಷ್ಟು ಭಾಗ ಬಾಂಡ್‌ನನ್ನು ಸೃಷ್ಟಿಸಿದ ಲೇಖಕ ಇಯಾನ್ ಫ್ಲೆಮಿಂಗ್ ಬರೆದ, ಬರ್ಲಿನ್‌ನಲ್ಲಿ ನಡೆಯುವ ಸಣ್ಣ ಕತೆಯಿಂದ ಬಂದದ್ದು. ಮುಂದಿನ ಇಡೀ ಸಿನಿಮಾ ಆ ಒಂದು ತೀರ್ಮಾನದಿಂದ ಹುಟ್ಟುತ್ತದೆ. ಹುಡುಗಿ ಬದುಕಿದ್ದಕ್ಕೇ ಅವಳ ರೈಫಲ್‌ನಲ್ಲಿದ್ದದ್ದು ಬರೀ ಸದ್ದು ಮಾಡುವ ಖಾಲಿ ತೋಟಾ ಅಂತ ಗೊತ್ತಾಗುತ್ತದೆ, ಕೋಸ್ಕೋವ್ ಆಡಿದ್ದು ನಾಟಕ ಅನ್ನುವುದೂ ಹೊರಬೀಳುತ್ತದೆ.

ಇನ್ನೊಂದು ಸಲವೂ ಹಾಗೇ. ಟ್ಯಾಂಜಿಯರ್‌ನ ಹೋಟೆಲ್ ಕೋಣೆಯಲ್ಲಿ ಇನ್ನೊಬ್ಬ ಸೋವಿಯತ್ ಜನರಲ್ ಪುಷ್ಕಿನ್‌ಗೆ ಬಾಂಡ್ ಪಿಸ್ತೂಲು ಹಿಡಿದಿದ್ದಾನೆ. ಮುಗಿಸು ಅಂತ ಲಂಡನ್ ಹೇಳಿದೆ. ಬಾಂಡ್ ಎದುರಿಗಿರುವವನ ಮುಖ ನೋಡಿ, ಮಾತು ಕೇಳಿ, ನಂಬಬಹುದು ಅಂತ ನಿರ್ಧರಿಸುತ್ತಾನೆ. ಲೈಸೆನ್ಸ್ ಟು ಕಿಲ್‌ನಲ್ಲೂ ಬಾಂಡ್ ಮೇಲಿನವರ ಮಾತು ಮೀರುತ್ತಾನೆ, ಆದರೆ ಅಲ್ಲಿ ಮೀರುವುದು ಕೊಲ್ಲುವುದಕ್ಕೆ. ಇಲ್ಲಿ ಮೀರುವುದು ಕೊಲ್ಲದೇ ಇರುವುದಕ್ಕೆ. ಒಬ್ಬನೇ ನಟ, ಎರಡೇ ವರ್ಷದ ಅಂತರ. ನನಗೆ ಕೊಲ್ಲದೇ ಬಿಡುವ ಈ ಮನುಷ್ಯನೇ ಹೆಚ್ಚು ಹತ್ತಿರ.

ಅಂದ ಮಾತ್ರಕ್ಕೆ ಇವನು ಮೃದು ಅಂದುಕೊಳ್ಳಬೇಡಿ. ವಿಯೆನ್ನಾದ ಪ್ರಾಟರ್ ಪಾರ್ಕಿನ ಕೆಫೆಯ ದೃಶ್ಯ ನೋಡಿ. ಮೊದಲು ರೇಗಾಡಿದ್ದ ಅದೇ ಸಾಂಡರ್ಸ್ ಈಗ ಕಷ್ಟಪಟ್ಟು ಮಾಹಿತಿ ತಂದುಕೊಟ್ಟಿದ್ದಾನೆ, ಇಬ್ಬರ ನಡುವೆ ಆಗಷ್ಟೇ ಸ್ವಲ್ಪ ಸ್ನೇಹ ಹುಟ್ಟಿದೆ. ಅವನು ಹೊರಗೆ ಹೋಗುವಾಗ ಗಾಜಿನ ಬಾಗಿಲು ಬಡಿದು ಸಾಯುತ್ತಾನೆ. ಒಂದು ಬಲೂನು ಉರುಳಿಕೊಂಡು ಬರುತ್ತದೆ, ಅದರ ಮೇಲೆ ಗೂಢಚಾರರಿಗೆ ಸಾವು ಅಂತ ರಷ್ಯನ್ ಮಾತು. ಡಾಲ್ಟನ್ ಅದನ್ನು ಕೈಯಲ್ಲಿ ಹಿಡಿದು ಒಡೆಯುವವರೆಗೂ ಹಿಸುಕುತ್ತಾನೆ. ಮಾತಿಲ್ಲ. ಬರೀ ಆ ಕೈ, ಆ ಕಣ್ಣು. ಆಮೇಲೆ ಪಿಸ್ತೂಲು ಹಿಡಿದು ಹೊರಗೆ ನುಗ್ಗುತ್ತಾನೆ, ಬಲೂನು ಕಂಡಲ್ಲಿ ಗುರಿಯಿಟ್ಟರೆ ಎದುರಿಗಿರುವುದು ಒಂದು ಮಗು! ಈ ದೃಶ್ಯವನ್ನು ನಾನು ಹಿಂದೆ ಹೋಗಿ ಮೂರು ಸಲ ನೋಡಿದೆ.

ಕುಂದು ಇಲ್ಲ ಅಂತಲ್ಲ. ಕೋಸ್ಕೋವ್ ಆಗಲಿ, ಆಟಿಕೆ ಸೈನಿಕರನ್ನು ಇಟ್ಟುಕೊಂಡು ಯುದ್ಧ ಆಡುವ ಶಸ್ತ್ರಾಸ್ತ್ರ ವ್ಯಾಪಾರಿ ವಿಟಕರ್ ಆಗಲಿ ಭಯ ಹುಟ್ಟಿಸುವುದಿಲ್ಲ. ಅಫೀಮು, ವಜ್ರ, ಶಸ್ತ್ರಾಸ್ತ್ರದ ಲೆಕ್ಕಾಚಾರ ಮೊದಲ ಸಲ ತಲೆಗೆ ಹತ್ತುವುದು ಕಷ್ಟ. ಅಫ್ಘಾನಿಸ್ತಾನದ ಭಾಗ ಉದ್ದವಾಯಿತು, ಆದರೆ ಅದರ ಕೊನೆಗೆ ಹಾರುವ ವಿಮಾನದ ಹಿಂದೆ ಸಾಮಾನಿನ ಬಲೆಗೆ ಜೋತುಬಿದ್ದು ನಡೆಯುವ ಹೊಡೆದಾಟ ಇದೆಯಲ್ಲ, ಅದಕ್ಕೋಸ್ಕರ ಕಾಯಬಹುದು.

ಹಿಮದ ವಿಷಯಕ್ಕೆ ಬಂದರೆ ಲೇಜನ್‌ಬಿಯ ಸ್ಕೀಯಿಂಗ್ ಹೆಚ್ಚು ರೋಚಕ, ಒಪ್ಪುತ್ತೇನೆ. ಆದರೂ ಬಾಂಡ್ ಮತ್ತು ಕಾರಾ ಸೆಲ್ಲೋ ಪೆಟ್ಟಿಗೆಯಲ್ಲಿ ಕೂತು ಗಡಿ ದಾಟಿ ಜಾರುವುದು ನನಗೆ ಜಾಸ್ತಿ ಇಷ್ಟ. ಬಿಟ್ಟು ಬಂದ ಸೆಲ್ಲೋ ಬೇಕೇ ಬೇಕು ಅಂತ ಅವಳು ಹಠ ಹಿಡಿದು ವಾಪಸ್ ಕರೆದುಕೊಂಡು ಹೋಗಿರುತ್ತಾಳೆ. ವಯಲಿನ್ ಕಲಿಯಬಾರದಿತ್ತಾ ಅಂತ ಬಾಂಡ್ ಗೊಣಗುತ್ತಾನೆ. ಮೇರಿಯಮ್ ಡಾಬೋ ಮಾಡಿದ ಈ ಕಾರಾಗೆ ತನ್ನದೇ ಆದ ಒಂದು ಬದುಕು, ಒಂದು ಆಸೆ ಇದೆ. ಬಾಂಡ್ ಸಿನಿಮಾಗಳ ಹುಡುಗಿಯರಿಗೆ ಅದು ಸಿಗುವುದು ಅಪರೂಪ ಅಲ್ವಾ?

ನೋಡುವುದಾದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ. 1969ರದ್ದಕ್ಕೂ ಇದಕ್ಕೂ ಸಂಗೀತ ಜಾನ್ ಬ್ಯಾರಿ ಅವರದೇ, ಇದು ಅವರ ಕೊನೆಯ ಬಾಂಡ್ ಸಿನಿಮಾ. ಕೊನೆಯ ಕಚೇರಿಯಲ್ಲಿ ಕಾರಾ ಸೆಲ್ಲೋ ನುಡಿಸುವಾಗ ಆರ್ಕೆಸ್ಟ್ರಾ ನಡೆಸುತ್ತಾ ನಿಂತಿರುವವರನ್ನು ಗಮನಿಸಿ, ಅವರೇ ಬ್ಯಾರಿ.