ಡಪ್, ಡಪ್2, ಡಪ್3: ಒಂದನೇ ಸ್ಥಾನ ಯಾರಿಗೆ?

ಕೆಲಸ ಸಣ್ಣದು. ಹಿನ್ನೆಲೆಯಲ್ಲಿ ಓಡುವ ನನ್ನ ಸಿ ಪ್ರೋಗ್ರಾಂ ಪ್ರಿಂಟ್‌ಎಫ್ ಮೂಲಕ ಹೇಳುವುದೆಲ್ಲ ಲಾಗ್ ಫೈಲಿಗೆ ಹೋಗಬೇಕಿತ್ತು. ತೆರೆದ ಪ್ರತಿ ಫೈಲಿಗೂ ಡಿಸ್ಕ್ರಿಪ್ಟರ್ ಎಂಬ ಸಂಖ್ಯೆ ಇರುತ್ತದೆ; ಪ್ರಿಂಟ್‌ಎಫ್ ಬರೆಯುವುದು 1ಕ್ಕೆ. ಹಾಗಾಗಿ ಲಾಗ್‌ನ ಡಿಸ್ಕ್ರಿಪ್ಟರ್ 3ರ ನಕಲೊಂದು 1ರಲ್ಲಿ ಕೂರಬೇಕು. ಇಂಥ ನಕಲು ಮಾಡುವ ಕರೆಗಳೇ ಡಪ್, ಡಪ್2, ಡಪ್3.

ಹಳೆಯ ಪಾಠದಂತೆ ಮೊದಲು 1ನ್ನು ಮುಚ್ಚುವ ಕ್ಲೋಸ್(1), ಬೆನ್ನಿಗೇ ಡಪ್(3) ಬರೆದೆ. ಖಾಲಿ ಇರುವುದರಲ್ಲಿ ಅತಿ ಚಿಕ್ಕ ಸಂಖ್ಯೆಯನ್ನು ಕೊಡುವುದು ಡಪ್‌ನ ನಿಯಮ. ಎರಡು ಸಾಲು ಮೇಲೆ ನಾನೇ ಕ್ಲೋಸ್(0) ಬರೆದು ಮರೆತಿದ್ದೆ. ಹಾಗಾಗಿ ಲಾಗ್ ಹೋಗಿ 0ಯಲ್ಲಿ ಕೂತಿತು. ಖಾಲಿ ಉಳಿದ 1, ನಂತರ ತೆರೆದ ದತ್ತಾಂಶದ ಫೈಲಿಗೆ ಸಿಕ್ಕಿತು. ಬೆಳಿಗ್ಗೆ ನೋಡಿದರೆ ಲಾಗ್ ಬರಿದು. ಅಂಕಿಗಳ ಸಾಲುಗಳ ನಡುವೆ ‘ಕೆಲಸ ಆರಂಭವಾಯಿತು’ ಎಂಬ ಸಂದೇಶ! ಯಾವ ಕರೆಯೂ ದೋಷ ಹೇಳಿರಲಿಲ್ಲ. ಡಪ್ ತನ್ನ ಮಾತಿಗೆ ತಪ್ಪಿರಲಿಲ್ಲ, ಅದೇ ಹೊಟ್ಟೆಯುರಿ.

ಡಪ್2(3, 1) ಈ ತಲೆನೋವನ್ನೇ ತೆಗೆಯುತ್ತದೆ. ಬೇಕಾದ ಸಂಖ್ಯೆಯನ್ನು ನಾವೇ ಹೇಳುತ್ತೇವೆ. ಅದು ತೆರೆದಿದ್ದರೆ ಮುಚ್ಚಿ, ನಕಲನ್ನು ಕೂರಿಸುವುದೆಲ್ಲ ಒಂದೇ ಏಟಿಗೆ ಆಗುತ್ತದೆ. ನಡುವೆ ಅದೇ ಪ್ರೋಗ್ರಾಮಿನಲ್ಲಿ ಜೊತೆಗೇ ಓಡುವ ಬೇರೆ ಥ್ರೆಡ್ ಬಂದು 1ನ್ನು ಕಬಳಿಸುವ ಸಂದಿಯೇ ಇಲ್ಲ. ಒಂದು ಮುಳ್ಳು ಮಾತ್ರ ಇದೆ: ಎರಡೂ ಸಂಖ್ಯೆ ಒಂದೇ ಆದರೆ ಡಪ್2 ಏನೂ ಮಾಡದೆ ಅದನ್ನೇ ಹಿಂದಿರುಗಿಸುತ್ತದೆ. ಆಮೇಲೆ ರೂಢಿಯಂತೆ ಮೂಲವನ್ನು ಮುಚ್ಚಿದರೆ ನಕಲೂ ಹೋಯಿತು. ಮುಚ್ಚುವ ಮುನ್ನ ಎರಡೂ ಬೇರೆಯೇ ಎಂದು ಒಂದು ಇಫ್ ಹಾಕಿ.

ಡಪ್3 ಲಿನಕ್ಸ್ 2.6.27ರಲ್ಲಿ ಬಂತು. ಸಂಖ್ಯೆಗಳು ಒಂದೇ ಆದರೆ ಇದು ಇಐಎನ್‌ವಿಎಎಲ್ (ಕೊಟ್ಟ ಮೌಲ್ಯ ಸರಿಯಿಲ್ಲ) ದೋಷ ಕೊಡುತ್ತದೆ. ಈ ನಿಷ್ಠುರತೆ ನನಗೆ ಇಷ್ಟ. ಇದರ ಹೆಚ್ಚಿನ ಸೌಲಭ್ಯ ಓ_ಕ್ಲೋಎಕ್ಸೆಕ್: ಎಕ್ಸೆಕ್ ಕರೆಯಿಂದ ಬೇರೆ ಪ್ರೋಗ್ರಾಂ ಶುರುವಾದಾಗ ನಕಲು ತಾನೇ ಮುಚ್ಚಿಕೊಳ್ಳುವಂತೆ ಮಾಡುವ ಗುರುತು. ಆದರೆ ಮುಂದೆ ಎಕ್ಸೆಕ್ ಆಗುವ ಪ್ರೋಗ್ರಾಮಿಗೂ 1 ಬೇಕಿದ್ದರೆ ಅದೇ ತೊಡಕು: ಎಕ್ಸೆಕ್ ಆದೊಡನೆ 1 ಮುಚ್ಚಿಹೋಗುತ್ತದೆ. ನನ್ನ ಕೆಲಸಕ್ಕೆ ಡಪ್2 ಸಾಕಾಯಿತು.

ಮೂಲ 1ನ್ನು ಕಾದಿಟ್ಟು ಮತ್ತೆ ತರಬೇಕಾದಾಗ ಮಾತ್ರ ಡಿಸ್ಕ್ರಿಪ್ಟರ್‌ಗಳನ್ನು ನಿಭಾಯಿಸುವ ಎಫ್‌ಸಿಎನ್‌ಟಿಎಲ್ ಕರೆಗೆ ಹೋಗುತ್ತೇನೆ. ಅದಕ್ಕೆ ಎಫ್_ಡಪ್‌ಎಫ್‌ಡಿ_ಕ್ಲೋಎಕ್ಸೆಕ್ ಎಂಬ ಆದೇಶದ ಜೊತೆ 10 ಎಂದರೆ, 10 ಅಥವಾ ಅದಕ್ಕಿಂತ ಮೇಲಿನ ಖಾಲಿ ಸಂಖ್ಯೆಯಲ್ಲಿ ನಕಲು ಸಿಗುತ್ತದೆ, ಎಕ್ಸೆಕ್ ಆದ ಪ್ರೋಗ್ರಾಮಿಗೆ ಸೋರುವುದೂ ಇಲ್ಲ. ಕೆಲಸ ಮುಗಿದ ಮೇಲೆ ಡಪ್2ರಿಂದಲೇ ಹಿಂದಕ್ಕೆ. ಹೋಗುವಾಗಲೂ ಬರುವಾಗಲೂ, ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಉಳಿದದ್ದನ್ನು ಹೊರದೂಡುವ ಎಫ್‌ಫ್ಲಶ್ ಮರೆಯಬೇಡಿ. ನಾನು ಮರೆತ ದಿನ, ಪರದೆಗೆ ಬರಬೇಕಿದ್ದ ಅರ್ಧ ಸಾಲು ಬಫರ್‌ನಲ್ಲೇ ಕುಳಿತಿದ್ದು ಲಾಗ್‌ನ ಮೊದಲ ಸಾಲಾಗಿತ್ತು.