ಲಿಂಕ್ ತಪಾಸಣೆ: ಕ್ವಾಡ್9 ಎದುರು ವೈರಸ್‌ಟೋಟಲ್, ಯುಆರ್‌ಎಲ್‌ಸ್ಕ್ಯಾನ್ ಮತ್ತು ದುಡ್ಡಿನ ಆಂಟಿವೈರಸ್

ಮೊದಲೇ ಹೇಳಿಬಿಡುತ್ತೇನೆ: ಮೋಸದ ಲಿಂಕುಗಳಿಂದ ಕಾಯಲು ಮನೆಮಂದಿಯ ಆಂಡ್ರಾಯ್ಡ್ ಫೋನಿಗೆ ನನ್ನ ಆಯ್ಕೆ ಕ್ವಾಡ್9, ಕೆಟ್ಟ ಸೈಟುಗಳು ತೆರೆಯದಂತೆ ತಡೆಯುವ ಸೇವೆ. ಆ್ಯಪ್ ಬೇಡ, ಖಾತೆ ಬೇಡ, ದುಡ್ಡೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಒಂದು ಹೆಸರು ಟೈಪ್ ಮಾಡಿದರೆ ಮುಗಿಯಿತು. ವೈರಸ್‌ಟೋಟಲ್, ಯುಆರ್‌ಎಲ್‌ಸ್ಕ್ಯಾನ್ ಎರಡೂ ಲಿಂಕ್ ಅಂಟಿಸಿ ಪರೀಕ್ಷಿಸುವ ಒಳ್ಳೆಯ ಸಾಧನಗಳೇ, ಆದರೆ ಅನುಮಾನ ಬಂದವರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ’, ‘ಇವತ್ತು ರಾತ್ರಿ ಕರೆಂಟ್ ಕಟ್’ ಎಂಬ ಮೆಸೇಜ್ ಓದಿ ಗಾಬರಿಯಾದವರು ಲಿಂಕನ್ನು ಕಾಪಿ ಮಾಡಿ ಇನ್ನೊಂದು ಸೈಟಿನಲ್ಲಿ ಅಂಟಿಸಿ ಫಲಿತಾಂಶಕ್ಕೆ ಕಾಯುವುದಿಲ್ಲ, ಒತ್ತಿಯೇ ಬಿಡುತ್ತಾರೆ. ಒತ್ತಿದ ಮೇಲೂ ತಡೆಯುವಂಥದ್ದು ಬೇಕು.

ಕ್ವಾಡ್9 ಮಾಡುವ ಕೆಲಸ ಸರಳ. ಯಾವ ಸೈಟ್ ತೆರೆಯಬೇಕಾದರೂ ಫೋನು ಮೊದಲು ಆ ಹೆಸರಿನ ಐಪಿ ವಿಳಾಸವನ್ನು (ಸಂಖ್ಯೆಯ ರೂಪದ ವಿಳಾಸ) ಡಿಎನ್‌ಎಸ್ ಸರ್ವರ್‌ನಲ್ಲಿ ಕೇಳುತ್ತದೆ. ಆ ಸರ್ವರ್ ಕ್ವಾಡ್9 ಆಗಿದ್ದರೆ, ಕೇಳಿದ ಹೆಸರು ಮಾಲ್‌ವೇರ್ (ಕೆಡುಕಿನ ತಂತ್ರಾಂಶ) ಅಥವಾ ಫಿಶಿಂಗ್ (ನಕಲಿ ಪುಟದಿಂದ ಗುಟ್ಟು ಕದಿಯುವ ಮೋಸ) ಪಟ್ಟಿಯಲ್ಲಿದ್ದಾಗ ‘ಅಂಥ ಹೆಸರೇ ಇಲ್ಲ’ ಎಂದು ಉತ್ತರ ಬರುತ್ತದೆ, ಪುಟ ತೆರೆಯುವುದೇ ಇಲ್ಲ. ಪಟ್ಟಿಗಳು ಹಲವು ಭದ್ರತಾ ಸಂಸ್ಥೆಗಳಿಂದ ಬರುತ್ತವೆ. ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿರಲಿ, ಇನ್‌ಸ್ಟಾಗ್ರಾಮ್ ತನ್ನೊಳಗೇ ತೆರೆಯುವ ಬ್ರೌಸರ್‌ನಲ್ಲಿರಲಿ, ಎಲ್ಲವೂ ಈ ದಾರಿಯಲ್ಲೇ ಹೋಗಬೇಕು. ಬಿಟ್‌ಲಿಯಂಥ ಕಿರು ಲಿಂಕಿನ ಹಿಂದೆ ಅಡಗಿರುವ ಸೈಟಿಗೂ ಇದೇ ಕಾವಲು, ಏಕೆಂದರೆ ಕಿರು ಲಿಂಕು ಬಿಚ್ಚಿಕೊಂಡ ಮೇಲೆ ಕೊನೆಯ ಹೆಸರನ್ನೂ ಫೋನು ಕೇಳಲೇಬೇಕು. 2017ರ ನವೆಂಬರ್‌ನಲ್ಲಿ ಶುರುವಾದ ಈ ಸೇವೆಯನ್ನು ನಡೆಸುವುದು ಲಾಭರಹಿತ ಪ್ರತಿಷ್ಠಾನ. 2021ರಿಂದ ಅದರ ನೆಲೆ ಸ್ವಿಟ್ಜರ್ಲೆಂಡ್.

ಹಾಕುವ ಕ್ರಮ: ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದು ಬೇಕು. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಪ್ರೈವೇಟ್ ಡಿಎನ್‌ಎಸ್. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್ ಒಳಗೆ ಮೋರ್ ಕನೆಕ್ಷನ್ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ‘ಪ್ರೈವೇಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅಲ್ಲಿ ‘ಹೋಸ್ಟ್‌ನೇಮ್’ ಆರಿಸಿ ‘ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿ ಸೇವ್ ಮಾಡಿ. ಕ್ವಾಡ್9ನ ಐಪಿ ವಿಳಾಸವಾದ 9.9.9.9 ಎಂಬ ಸಂಖ್ಯೆಯನ್ನು ಇಲ್ಲಿ ಹಾಕಿದರೆ ಫೋನು ಒಪ್ಪುವುದಿಲ್ಲ. ಅದು ರೂಟರ್‌ಗೆ ಮತ್ತು ಲ್ಯಾಪ್‌ಟಾಪ್‌ಗೆ. ಐಫೋನಿನಲ್ಲಿ ಇಂಥ ಜಾಗವೇ ಇಲ್ಲ, ಕ್ವಾಡ್9 ಸೈಟಿನಿಂದ ಪ್ರೊಫೈಲ್ (ಸೆಟ್ಟಿಂಗ್ ಹೊತ್ತ ಕಡತ) ಇಳಿಸಿಕೊಂಡು ಸೇರಿಸಬೇಕು. ಸರಿಯಾಗಿ ಕೂತಿದೆಯೇ ಎಂದು ನೋಡಲು ‘ಈಸ್‌ಇಟ್‌ಬ್ಲಾಕ್ಡ್ ಡಾಟ್ ಆರ್ಗ್’ ತೆರೆಯಿರಿ. ಪರೀಕ್ಷೆಗೆಂದೇ ಇಟ್ಟಿರುವ ಹೆಸರು ಅದು, ಪುಟ ತೆರೆದುಕೊಳ್ಳಬಾರದು. ತೆರೆದುಕೊಂಡರೆ ಕ್ರೋಮ್‌ನ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ಜಾಗದಲ್ಲಿ ಬೇರೆ ಕಂಪನಿಯ ಹೆಸರು ಕೂತಿರಬಹುದು, ಅಥವಾ ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ) ಓಡುತ್ತಿರಬಹುದು. ಎರಡೂ ನಿಮ್ಮ ಸೆಟ್ಟಿಂಗನ್ನು ಪಕ್ಕಕ್ಕೆ ತಳ್ಳಿಬಿಡಬಹುದು.

ಇಷ್ಟು ಹೊಗಳಿದ ಮೇಲೆ ಅದರ ಕಿರಿಕಿರಿಯನ್ನೂ ಬಿಡಿಸಿ ಹೇಳಬೇಕು. ಹೋಸ್ಟ್‌ನೇಮ್ ಹಾಕಿದ ಪ್ರೈವೇಟ್ ಡಿಎನ್‌ಎಸ್ ಬಲು ಹಟಮಾರಿ. ಅದು ಕ್ವಾಡ್9 ಜೊತೆ 853ನೇ ಪೋರ್ಟಿನಲ್ಲಿ (ನೆಟ್ ಸಂಪರ್ಕದ ಸಂಖ್ಯೆ ಹೊತ್ತ ಬಾಗಿಲು) ಗೂಢಲಿಪಿಯಲ್ಲಿ ಮಾತಾಡುತ್ತದೆ. ಕಾಲೇಜು, ಕಚೇರಿ, ಹೋಟೆಲ್‌ಗಳ ಕೆಲವು ವೈಫೈಗಳು ಆ ಪೋರ್ಟನ್ನು ಮುಚ್ಚಿಟ್ಟಿರುತ್ತವೆ. ಆಗ ಫೋನು ಬೇರೆ ದಾರಿ ಹಿಡಿಯುವುದಿಲ್ಲ. ‘ಪ್ರೈವೇಟ್ ಡಿಎನ್‌ಎಸ್ ಸರ್ವರ್ ತಲುಪಲಾಗುತ್ತಿಲ್ಲ’ ಎಂಬ ಸೂಚನೆ ಕೊಟ್ಟು ಕೈಕಟ್ಟಿ ಕೂರುತ್ತದೆ. ವೈಫೈ ಗುರುತು ತುಂಬಿರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ತೊಂದರೆ ಎಲ್ಲಿದೆ ಎಂದು ಗೊತ್ತಿಲ್ಲದವರು ವೈಫೈಯನ್ನು ಮರೆತು ಮತ್ತೆ ಸೇರಿಸುತ್ತಾರೆ, ಫೋನ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ಪಾಸ್‌ವರ್ಡ್ ಕೊಟ್ಟವರನ್ನು ಬೈಯುತ್ತಾರೆ.

ರೈಲ್ವೆ ಸ್ಟೇಷನ್ನಿನ ಉಚಿತ ವೈಫೈಯಂತೆ ಓಟಿಪಿ ಕೇಳುವ ಕಡೆ ಇನ್ನೊಂದು ಸುತ್ತು. ಲಾಗಿನ್ ಪುಟವನ್ನು ತೋರಿಸುವಾಗ ಆಂಡ್ರಾಯ್ಡ್ ತಾನಾಗಿ ಪ್ರೈವೇಟ್ ಡಿಎನ್‌ಎಸ್ ಬದಿಗಿಡುತ್ತದೆ, ಆದರೆ ‘ಸೈನ್ ಇನ್’ ಎಂಬ ಸೂಚನೆಯನ್ನು ಒತ್ತಿ ತೆರೆದಾಗ ಮಾತ್ರ. ಆ ಸೂಚನೆಯನ್ನು ಸರಿಸಿಹಾಕಿ ಕ್ರೋಮ್‌ನಲ್ಲಿ ಪುಟ ಹುಡುಕಲು ಹೋದರೆ ಏನೂ ಬರುವುದಿಲ್ಲ. ಲಾಗಿನ್ ಆದ ಮೇಲೂ 853 ಮುಚ್ಚಿದ್ದರೆ ಮತ್ತೆ ಅದೇ ಕತೆ.

ಪರಿಹಾರ ಒಂದೇ: ಅಲ್ಲಿರುವಷ್ಟು ಹೊತ್ತು ಪ್ರೈವೇಟ್ ಡಿಎನ್‌ಎಸ್ ‘ಆಟೊಮ್ಯಾಟಿಕ್’ಗೆ ಹಾಕಿ, ಹೊರಗೆ ಬಂದ ಮೇಲೆ ಹೋಸ್ಟ್‌ನೇಮ್‌ಗೆ ಮರಳಿಸುವುದು. ಟೈಪ್ ಮಾಡಿದ ಹೆಸರನ್ನು ಫೋನು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತದೆ. ಮರಳಿಸಲು ಮರೆಯುವುದು ಖಂಡಿತ, ಹಾಗಾಗಿ ದಿನವಿಡೀ ಇಂಥ ವೈಫೈಯಲ್ಲೇ ಇರುವವರಿಗೆ ಇದು ಒಗ್ಗುವುದಿಲ್ಲ. ಮೊಬೈಲ್ ಡೇಟಾದಲ್ಲೇ ಇರುವ ಅಪ್ಪ, ಅಮ್ಮ, ಅತ್ತೆಯವರ ಫೋನಿನಲ್ಲಿ ಈ ಗೋಳು ಬರುವುದು ಅಪರೂಪ.

ಇನ್ನೊಂದು ಕೊರತೆ, ತಡೆದಾಗ ಹೇಳುವುದಿಲ್ಲ. ‘ಈ ಸೈಟ್ ತಲುಪಲಾಗುತ್ತಿಲ್ಲ’ ಎಂಬ ಮಾಮೂಲಿ ಪುಟ ಬರುತ್ತದೆ, ನೆಟ್ ಹೋಗಿದೆ ಅಂದುಕೊಳ್ಳುತ್ತಾರೆ. ನಿಜವಾಗಿ ತಡೆದದ್ದೇ ಎಂದು ತಿಳಿಯಲು ಲ್ಯಾಪ್‌ಟಾಪಿನ ಕಮಾಂಡ್ ಕಿಟಕಿಯಲ್ಲಿ ‘ಎನ್‌ಎಸ್‌ಲುಕಪ್’, ಸೈಟಿನ ಹೆಸರು, 9.9.9.9 ಎಂದು ಕೊಡಿ. ಆಮೇಲೆ ಅದನ್ನೇ 9.9.9.10 ಹಾಕಿ ಕೇಳಿ. ಎರಡನೆಯದು ಸೋಸದ ಸರ್ವರ್. ಅಲ್ಲಿ ಐಪಿ ಸಿಕ್ಕಿ ಮೊದಲನೆಯದರಲ್ಲಿ ಸಿಗದಿದ್ದರೆ ಪಟ್ಟಿಯಲ್ಲಿದೆ ಎಂದೇ ಅರ್ಥ.

ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ಸರ್ವರ್ 1.1.1.2 ಕೂಡ ಇದೇ ಕೆಲಸ ಮಾಡುತ್ತದೆ. ಅದನ್ನು ಹಾಕಿಕೊಂಡಿದ್ದರೆ ಬದಲಿಸುವ ಅಗತ್ಯವಿಲ್ಲ.

ಡಿಎನ್‌ಎಸ್ ಎಂಬ ವಿಧಾನಕ್ಕೇ ಒಂದು ಗೋಡೆಯಿದೆ. ಅದಕ್ಕೆ ಕಾಣುವುದು ಸೈಟಿನ ಹೆಸರು ಮಾತ್ರ, ಮುಂದಿನ ಓರೆಗೆರೆಯ ಆಚೆಗಿನದು ಕಾಣದು. ಗೂಗಲ್ ಫಾರ್ಮ್ಸ್‌ನಲ್ಲೋ ಗೂಗಲ್ ಸೈಟ್ಸ್‌ನಲ್ಲೋ ಮಾಡಿದ ನಕಲಿ ಬ್ಯಾಂಕ್ ಪುಟವನ್ನು ತಡೆಯಬೇಕಾದರೆ ಗೂಗಲ್‌ನ ಆ ಇಡೀ ಸೇವೆಯನ್ನೇ ಮುಚ್ಚಬೇಕು. ಹಾಗೆ ಯಾರೂ ಮಾಡುವುದಿಲ್ಲ. ಈ ತೂತನ್ನು ಮುಚ್ಚುವುದು ಕ್ರೋಮ್‌ನ ಸೇಫ್ ಬ್ರೌಸಿಂಗ್, ಏಕೆಂದರೆ ಅದು ಪೂರ್ತಿ ವಿಳಾಸವನ್ನು ಹೋಲಿಸುತ್ತದೆ. ಹಿಂದೆ ಪಟ್ಟಿಯನ್ನು ಫೋನಿಗೆ ಇಳಿಸಿಕೊಂಡು ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಹೊಸದು ಮಾಡಿಕೊಳ್ಳುತ್ತಿತ್ತು. ಹತ್ತು ನಿಮಿಷವೂ ಬಾಳದ ಮೋಸದ ಸೈಟುಗಳು ಆ ಸಂದಿಯಲ್ಲೇ ನುಸುಳುತ್ತಿದ್ದವು. 2024ರ ಮಾರ್ಚ್‌ನಿಂದ ಮಾಮೂಲಿ ‘ಸ್ಟ್ಯಾಂಡರ್ಡ್’ ಮಟ್ಟದಲ್ಲೂ ಆಗಿಂದಾಗಲೇ ಕೇಳಿ ನೋಡುವ ವ್ಯವಸ್ಥೆ ಬಂದಿದೆ. ಅಲ್ಲಿ ಹೋಗುವುದು ವಿಳಾಸದ ಹ್ಯಾಶ್‌ನ (ವಿಳಾಸದಿಂದ ಲೆಕ್ಕಹಾಕಿ ತೆಗೆದ ಗುರುತು) ಒಂದು ತುಣುಕು. ‘ಎನ್‌ಹ್ಯಾನ್ಸ್ಡ್’ ಮಟ್ಟಕ್ಕೆ ಏರಿಸಿದರೆ ರಕ್ಷಣೆ ಹೆಚ್ಚು, ಆದರೆ ನೋಡುವ ವಿಳಾಸಗಳೇ ಗೂಗಲ್‌ಗೆ ಹೋಗುತ್ತವೆ. ನಾನು ಕ್ವಾಡ್9 ಜೊತೆ ಸ್ಟ್ಯಾಂಡರ್ಡ್ ಸಾಕು ಎನ್ನುವವನು.

ವೈರಸ್‌ಟೋಟಲ್‌ಗೆ ಬರೋಣ. 2004ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿ 2012ರಲ್ಲಿ ಗೂಗಲ್ ಕೈಸೇರಿದ ಇದು ಒಂದು ಲಿಂಕನ್ನು ಹತ್ತಾರು ಸಂಸ್ಥೆಗಳ ಪಟ್ಟಿಯಲ್ಲಿ ಒಟ್ಟಿಗೆ ಹುಡುಕಿಕೊಡುತ್ತದೆ. ಜನ ಎಡವುವುದು ಹಸಿರು ಸೊನ್ನೆಯಲ್ಲಿ. ‘ಯಾರಿಗೂ ಕೆಟ್ಟದ್ದು ಕಂಡಿಲ್ಲ’ ಎಂದರೆ ಸೈಟ್ ಒಳ್ಳೆಯದು ಎಂದಲ್ಲ. ಬೆಳಿಗ್ಗೆ ಹುಟ್ಟಿದ ಸೈಟ್ ಮಧ್ಯಾಹ್ನ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಜೊತೆಗೆ ಕಾಣುತ್ತಿರುವುದು ಹಳೆಯ ಫಲಿತಾಂಶವೂ ಇರಬಹುದು. ದಿನಾಂಕ ನೋಡಿ, ಮರುಪರಿಶೀಲನೆಯ ಗುಂಡಿ ಒತ್ತದೆ ನಂಬಬೇಡಿ. ಒಂದೇ ಒಂದು ಸಂಸ್ಥೆ ಕೆಂಪು ತೋರಿಸಿದರೆ ತಪ್ಪು ಎಚ್ಚರಿಕೆಯೂ ಇರಬಹುದು. ನಾಲ್ಕೈದು ಬಂದರೆ ಮಾತೇ ಇಲ್ಲ.

ಯುಆರ್‌ಎಲ್‌ಸ್ಕ್ಯಾನ್ ನನಗೆ ಇದಕ್ಕಿಂತ ಇಷ್ಟ. ಅದು ತನ್ನ ಬ್ರೌಸರ್‌ನಲ್ಲಿ ಪುಟವನ್ನು ತೆರೆದು, ಎಲ್ಲಿಂದ ಎಲ್ಲಿಗೆ ಹಾರಿತು ಎಂಬ ಸರಣಿಯನ್ನೂ ಪುಟದ ಚಿತ್ರವನ್ನೂ ಕೊಡುತ್ತದೆ. ಬ್ಯಾಂಕಿನ ಲಾಂಛನ, ಕೆಳಗೆ ಎಟಿಎಂ ಪಿನ್ ಕೇಳುವ ಖಾನೆ, ಮೇಲೆ ಸಂಬಂಧವಿಲ್ಲದ ಹೆಸರು: ಚಿತ್ರ ನೋಡಿದರೆ ಪಟ್ಟಿಯ ಹಂಗೇ ಇಲ್ಲ. ಆದರೆ ಭಾರತದ ಮೊಬೈಲಿನಿಂದ ಬಂದವರಿಗೆ ಮಾತ್ರ ಮೋಸದ ಪುಟ ತೋರಿಸಿ, ಉಳಿದವರಿಗೆ ಖಾಲಿ ಪುಟವನ್ನೋ ಗೂಗಲ್ ಮುಖಪುಟವನ್ನೋ ತೋರಿಸುವ ಸೈಟುಗಳಿವೆ. ಚಿತ್ರ ಖಾಲಿ ಬಂದರೆ ಆಯ್ಕೆಗಳಲ್ಲಿ ಯೂಸರ್ ಏಜೆಂಟನ್ನು (ಯಾವ ಬ್ರೌಸರ್, ಯಾವ ಸಾಧನ ಎಂದು ಸೈಟಿಗೆ ಹೇಳುವ ಗುರುತು) ಆಂಡ್ರಾಯ್ಡ್ ಕ್ರೋಮ್‌ಗೆ ಬದಲಿಸಿ ಇನ್ನೊಮ್ಮೆ ಓಡಿಸಿ. ಆಗಲೂ ಖಾಲಿಯಾದರೆ ಅನುಮಾನ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಎರಡಕ್ಕೂ ಸೇರಿದ ಒಂದು ಎಚ್ಚರಿಕೆ: ಪಾಸ್‌ವರ್ಡ್ ಬದಲಿಸುವ ಲಿಂಕ್, ಡ್ರೈವ್‌ನಲ್ಲಿ ಹಂಚಿದ ಕಡತ, ಆಸ್ಪತ್ರೆಯ ವರದಿಯ ಲಿಂಕ್ ಇವನ್ನು ಅಲ್ಲಿ ಅಂಟಿಸಬೇಡಿ. ಯುಆರ್‌ಎಲ್‌ಸ್ಕ್ಯಾನ್‌ನಲ್ಲಿ ‘ಪಬ್ಲಿಕ್’ ಎಂದಿದ್ದರೆ ಆ ಲಿಂಕ್ ಯಾರು ಹುಡುಕಿದರೂ ಸಿಗುತ್ತದೆ, ಊರ ಕಟ್ಟೆಯ ಮೇಲೆ ಮನೆ ಕೀಲಿ ಇಟ್ಟುಬಂದ ಹಾಗೆ. ವೈರಸ್‌ಟೋಟಲ್‌ಗೆ ಕೊಟ್ಟದ್ದೂ ಭದ್ರತಾ ಕಂಪನಿಗಳ ನಡುವೆ ಹಂಚಿಹೋಗುತ್ತದೆ. ಒಮ್ಮೆ ಮಾತ್ರ ತೆರೆಯುವ ಲಿಂಕಾದರೆ ಸ್ಕ್ಯಾನರ್ ತೆರೆದಾಗಲೇ ಅದರ ಆಯಸ್ಸು ಮುಗಿಯುತ್ತದೆ.

ದುಡ್ಡಿನ ಆಂಟಿವೈರಸ್ ಜೊತೆ ಬರುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳಿಗೆ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ನನ್ನ ಜೇಬಿನಿಂದ ಮತ್ತೆ ರೂಪಾಯಿ ಹೋಗುವುದಿಲ್ಲ. ಮೊದಲ ಕಾರಣ, ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಶನ್ ಒಪ್ಪುವುದಿಲ್ಲ, ಲಿಂಕ್ ಬರುವುದು ಫೋನಿಗೇ. ಎರಡನೆಯದು, ಅವು ಕೇಳುವ ಅನುಮತಿ: ನೀವು ನೋಡುವ ಎಲ್ಲ ಸೈಟುಗಳ ಮಾಹಿತಿ ಓದುವುದು, ಬದಲಿಸುವುದು. 2024ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿಯ ಮೇಲೆ 1.65 ಕೋಟಿ ಡಾಲರ್ ಹೊರಿಸಿದ್ದು, ಎಕ್ಸ್‌ಟೆನ್ಶನ್ ಮತ್ತು ಆಂಟಿವೈರಸ್ ಮೂಲಕ ಕೂಡಿಸಿದ ಬ್ರೌಸಿಂಗ್ ಮಾಹಿತಿಯನ್ನು ಮಾರಿದ್ದಕ್ಕೆ.

ಈ ಯಾವುದೂ ತಡೆಯದ ದಾರಿಯೊಂದಿದೆ, ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಬರುವ ಎಪಿಕೆ ಕಡತ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತ). ‘ಚಲನ್’, ‘ಮದುವೆ ಕರೆಯೋಲೆ’ ಎಂಬ ಹೆಸರಿರುತ್ತದೆ. ಅದು ಲಿಂಕೇ ಅಲ್ಲದ್ದರಿಂದ ಡಿಎನ್‌ಎಸ್‌ಗೆ ಗೊತ್ತೇ ಆಗುವುದಿಲ್ಲ. ಒಳಗೆ ಕೂತ ಮೇಲೆ ಎಸ್‌ಎಂಎಸ್ ಕದ್ದು ಟೆಲಿಗ್ರಾಂ ಅಥವಾ ಫೈರ್‌ಬೇಸ್ (ಆ್ಯಪ್‌ಗಳು ಬಳಸುವ ಗೂಗಲ್ ಸೇವೆ) ಮೂಲಕ ಕಳಿಸಿದರೆ, ಆ ಹೆಸರುಗಳನ್ನು ಕ್ವಾಡ್9 ತಡೆಯುವಂತೆಯೂ ಇಲ್ಲ. 2024ರ ಅಕ್ಟೋಬರ್‌ನಿಂದ ನೋಂದಣಿಯಾಗದ ಲಿಂಕಿರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯಬೇಕೆಂಬ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮವಿದೆ. ವಾಟ್ಸ್‌ಆ್ಯಪ್‌ಗೆ ಅದು ತಾಗುವುದಿಲ್ಲ. ಇಲ್ಲಿ ಮಾತ್ರ ವೈರಸ್‌ಟೋಟಲ್ ಗೆಲ್ಲುತ್ತದೆ: ಕಡತವನ್ನು ಇನ್‌ಸ್ಟಾಲ್ ಮಾಡದೆ ಅಪ್‌ಲೋಡ್ ಮಾಡಿ ನೋಡಿ, 650 ಎಂಬಿ ತನಕ ತೆಗೆದುಕೊಳ್ಳುತ್ತದೆ. ಮನೆಯವರ ಫೋನಿನಲ್ಲಿ ಇದಕ್ಕೂ ಮೊದಲು ಮಾಡಬೇಕಾದ್ದು, ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್, ಕ್ರೋಮ್ ಮತ್ತು ಫೈಲ್ ಮ್ಯಾನೇಜರ್ ಮೂರರ ಅನುಮತಿಯನ್ನೂ ತೆಗೆದುಹಾಕುವುದು.

ಲ್ಯಾಪ್‌ಟಾಪಿನಲ್ಲೇ ಹೆಚ್ಚು ಹೊತ್ತು ಇರುವವರು, ಕಚೇರಿಯ ವೈಫೈಯಲ್ಲಿ 853 ಮುಚ್ಚಿರುವವರು ನನ್ನ ಕ್ರಮವನ್ನು ಹಿಡಿಯಬೇಕಿಲ್ಲ. ಫೈರ್‌ಫಾಕ್ಸ್ ಬ್ರೌಸರ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಕೆಟ್ಟ ಲಿಂಕುಗಳ ಪಟ್ಟಿಯೊಂದು ಅದರಲ್ಲಿ ಮೊದಲೇ ಚಾಲೂ ಇರುತ್ತದೆ. ಆಂಡ್ರಾಯ್ಡ್ ಫೈರ್‌ಫಾಕ್ಸ್ ಕೂಡ ಅದನ್ನು ಒಪ್ಪುತ್ತದೆ.